ಬಿಸಿಲು, ನ್ಯಾನೋ ಪುಡಿ ಮತ್ತು ಕೊಳಕಾದ ಕೆರೆ: ದ್ಯುತಿ ವೇಗವರ್ಧನೆ ಏನು ಮಾಡಬಲ್ಲದು, ಏನು ಮಾಡಲಾರದು?

"ಬಿಸಿಲಿನಿಂದಲೇ ಕೊಳಚೆ ನೀರು ಶುದ್ಧ", "ನ್ಯಾನೋ ಪುಡಿಯಿಂದ ಬಣ್ಣದ ನೀರು ತಿಳಿ". ಇಂಥ ತಲೆಬರಹದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಜೊತೆಗೊಂದು ಚಿತ್ರವಿರುತ್ತದೆ. ಎಡಗಡೆ ಕಡುನೀಲಿ ನೀರಿನ ಬೀಕರ್, ಬಲಗಡೆ ಕುಡಿಯುವ ನೀರಿನಷ್ಟು ತಿಳಿಯಾದ ಬೀಕರ್. ನಡುವೆ ಒಂದೆರಡು ಗಂಟೆ ಬಿಸಿಲು, ಒಂದು ಚಿಟಿಕೆ ಬಿಳಿ ಪುಡಿ. ಈ ಪುಡಿಯನ್ನು ತಂದು ನಮ್ಮೂರಿನ ಕೆರೆಗೆ ಹಾಕಬಾರದೇಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಸುತ್ತಲಿನ ಜನ ತಮ್ಮ ಕೆರೆಗಳ ಸಲುವಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ನಗರದ ಒಳಚರಂಡಿ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಕೆರೆಗೆ ಬಂದು ಬೀಳುತ್ತಿದೆ, ಕೊಳವೆಬಾವಿಗಳ ನೀರೂ ಕೆಟ್ಟಿದೆ ಎನ್ನುವುದು ಅವರ ದೂರು. ಇಂಥ ಕಡೆ "ಅಗ್ಗದ ಹೊಸ ತಂತ್ರಜ್ಞಾನ" ಎಂಬ ಮಾತು ಬಂದರೆ ಆಸೆ ಹುಟ್ಟುತ್ತದೆ. ಆಸೆಗೆ ಆಧಾರ ಎಷ್ಟಿದೆ ಎಂದು ನೋಡುವುದಕ್ಕೆ ಮೊದಲು ಆ ಬೀಕರಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ತಿಳಿಯಬೇಕು.

ಬೆಳಕು ಬಿದ್ದಾಗ ಪುಡಿಯಲ್ಲಿ ನಡೆಯುವುದೇನು?

ಈ ವಿಧಾನದ ಹೆಸರು ದ್ಯುತಿ ವೇಗವರ್ಧನೆ, ಅಂದರೆ ಫೋಟೊಕ್ಯಾಟಲಿಸಿಸ್. ದ್ಯುತಿ ಎಂದರೆ ಬೆಳಕು. ತಾನು ಖರ್ಚಾಗದೆ ಬೇರೆ ವಸ್ತುಗಳ ನಡುವಿನ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ವೇಗವರ್ಧಕ. ಆ ಕೆಲಸಕ್ಕೆ ಬೇಕಾದ ಶಕ್ತಿ ಬೆಳಕಿನಿಂದ ಬಂದರೆ ಅದು ದ್ಯುತಿ ವೇಗವರ್ಧಕ.

ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಟೈಟಾನಿಯಂ ಡೈಆಕ್ಸೈಡ್. ಇದು ಅಪರೂಪದ ವಸ್ತುವೇನಲ್ಲ. ಗೋಡೆಯ ಬಿಳಿ ಪೇಂಟು, ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಎಲ್ಲದರಲ್ಲೂ ಬಿಳುಪಿಗೆ ಅಥವಾ ಬಿಸಿಲು ತಡೆಯಲು ಇದನ್ನೇ ಬಳಸುತ್ತಾರೆ. ಇದರ ಮೂಲವಾದ ಇಲ್ಮನೈಟ್ ಅದಿರು ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಧಾರಾಳವಾಗಿದೆ.

ಟೈಟಾನಿಯಂ ಡೈಆಕ್ಸೈಡ್ ಒಂದು ಅರೆವಾಹಕ. ಅದರೊಳಗಿನ ಎಲೆಕ್ಟ್ರಾನುಗಳನ್ನು ಮನೆಯ ನೆಲದಲ್ಲಿ ಕುಳಿತವರು ಎಂದುಕೊಳ್ಳಿ. ಮೇಲೆ ಒಂದು ಅಟ್ಟವಿದೆ, ಏಣಿ ಇಲ್ಲ. ಒಂದೇ ನೆಗೆತಕ್ಕೆ ಹತ್ತಬೇಕು. ಆ ನೆಗೆತಕ್ಕೆ ಬೇಕಾದ ಶಕ್ತಿಯನ್ನು ಬೆಳಕಿನ ಒಂದು ಕಣ ಒಂದೇ ಏಟಿಗೆ ಕೊಡಬೇಕು. ಕಡಿಮೆ ಶಕ್ತಿಯ ಕಣಗಳು ಎಷ್ಟೇ ಬಂದರೂ ಪ್ರಯೋಜನವಿಲ್ಲ. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ರೂಪದಲ್ಲಿ ಅಟ್ಟದ ಎತ್ತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಇಷ್ಟು ಶಕ್ತಿ ಇರುವುದು ಸುಮಾರು 387 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕಿಗೆ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಗೆ.

ಎಲೆಕ್ಟ್ರಾನ್ ಅಟ್ಟ ಹತ್ತಿದರೆ ಕೆಳಗೆ ಒಂದು ಜಾಗ ಖಾಲಿಯಾಗುತ್ತದೆ. ಮೇಲಿನ ಎಲೆಕ್ಟ್ರಾನ್ ನೀರಿನಲ್ಲಿ ಕರಗಿರುವ ಆಮ್ಲಜನಕದ ಜೊತೆ ಸೇರುತ್ತದೆ. ಕೆಳಗಿನ ಖಾಲಿ ಜಾಗ ತನ್ನನ್ನು ತುಂಬಿಕೊಳ್ಳಲು ಕಣದ ಮೈಗಂಟಿದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಹೀಗೆ ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ನೀರಿನ ಶುದ್ಧೀಕರಣದಲ್ಲಿ ಬಳಕೆಯಾಗುವ ಉತ್ಕರ್ಷಕಗಳಲ್ಲಿ ಇದು ಅತ್ಯಂತ ಉಗ್ರವಾದದ್ದು. ಕ್ಲೋರಿನ್, ಓಝೋನ್‌ಗಳಿಗಿಂತಲೂ ಬಲ ಹೆಚ್ಚು. ಎದುರಿಗೆ ಸಿಕ್ಕ ಸಾವಯವ ಅಣುವನ್ನು, ಅದು ಬಣ್ಣವಿರಲಿ, ಕೀಟನಾಶಕವಿರಲಿ, ಔಷಧದ ಉಳಿಕೆಯಿರಲಿ, ತುಂಡು ತುಂಡು ಮಾಡುತ್ತದೆ. ಕೆಲಸ ಪೂರ್ತಿಯಾದರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಒಂದಿಷ್ಟು ಲವಣ.

ಈ ರ‍್ಯಾಡಿಕಲ್ಲಿನ ಆಯಸ್ಸು ಸೆಕೆಂಡಿನ ಶತಕೋಟಿಯ ಭಾಗಗಳ ಲೆಕ್ಕದಲ್ಲಿದೆ. ಹುಟ್ಟಿದ ಜಾಗದಿಂದ ದೂರ ಹೋಗಲು ಅದಕ್ಕೆ ಸಮಯವಿಲ್ಲ. ಹಾಗಾಗಿ ಕೊಳೆಯೇ ಪುಡಿಯ ಬಳಿಗೆ ಬರಬೇಕು. ಪುಡಿ, ಬೆಳಕು, ಆಮ್ಲಜನಕ, ಕೊಳೆ ನಾಲ್ಕೂ ಒಂದೇ ಜಾಗದಲ್ಲಿ ಸೇರಿದಾಗ ಮಾತ್ರ ಕೆಲಸ ನಡೆಯುತ್ತದೆ.

ವಿಷಯ ಹೊಸದೇನಲ್ಲ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆಯಬಹುದು ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಫ್ರ್ಯಾಂಕ್ ಮತ್ತು ಬಾರ್ಡ್ ಇದೇ ಪುಡಿಯಿಂದ ನೀರಿನಲ್ಲಿರುವ ಸಯನೈಡನ್ನು ನಿರ್ವಿಷಗೊಳಿಸಬಹುದು ಎಂದು ತೋರಿಸಿದರು. ನೀರಿನ ಶುದ್ಧೀಕರಣದ ಸಂಶೋಧನೆ ಅಲ್ಲಿಂದ ಬೆಳೆಯಿತು.

ನ್ಯಾನೋ ಏಕೆ ಬೇಕು?

ಕೆಲಸವೆಲ್ಲ ಕಣದ ಮೇಲ್ಮೈಯಲ್ಲೇ ನಡೆಯುವುದರಿಂದ ಮೇಲ್ಮೈ ಹೆಚ್ಚಿದಷ್ಟೂ ಲಾಭ. ಒಂದು ಸೆಂಟಿಮೀಟರ್ ಅಳತೆಯ ಒಂದು ಘನವನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಅಳತೆಯ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಅಂದರೆ ಬೆರಳ ತುದಿಯಷ್ಟಿದ್ದದ್ದು ಐದಕ್ಕೂ ಹೆಚ್ಚು 30×40 ಸೈಟುಗಳಷ್ಟು ಹರಡಿಕೊಳ್ಳುತ್ತದೆ. ವಸ್ತುವಿನ ತೂಕ ಮಾತ್ರ ಅಷ್ಟೇ.

ಸಣ್ಣ ಕಣದಿಂದ ಇನ್ನೊಂದು ಲಾಭವಿದೆ. ಅಟ್ಟ ಹತ್ತಿದ ಎಲೆಕ್ಟ್ರಾನ್ ಹೆಚ್ಚು ಹೊತ್ತು ಅಲ್ಲಿ ನಿಲ್ಲುವುದಿಲ್ಲ, ಮರಳಿ ಕೆಳಗೆ ಬಿದ್ದು ಖಾಲಿ ಜಾಗವನ್ನು ತುಂಬಿಬಿಡುತ್ತದೆ. ಹಾಗಾದರೆ ಬಿದ್ದ ಬೆಳಕು ಬರೀ ಶಾಖವಾಗಿ ವ್ಯರ್ಥ. ಕಣ ಚಿಕ್ಕದಾಗಿದ್ದರೆ ಎಲೆಕ್ಟ್ರಾನ್ ಬೀಳುವ ಮೊದಲೇ ಮೇಲ್ಮೈ ತಲುಪುವ ಸಾಧ್ಯತೆ ಹೆಚ್ಚು. ಆದರೂ ಬಹುಪಾಲು ಎಲೆಕ್ಟ್ರಾನುಗಳು ಹೀಗೆ ಬಿದ್ದೇ ಹೋಗುತ್ತವೆ. ಈ ವಿಧಾನದ ದೊಡ್ಡ ಸೋರಿಕೆ ಇದು.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಏನಾಗಿದೆ?

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಪಡುವಂಥ ಇತಿಹಾಸವಿದೆ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿ ಜೆ.ಜೆ. ಕಿಂಗ್ಸ್‌ಲಿ ಲೋಹದ ನೈಟ್ರೇಟಿನ ಜೊತೆ ಯೂರಿಯಾದಂಥ ಇಂಧನವನ್ನು ನೀರಿನಲ್ಲಿ ಕರಗಿಸಿ ಬಿಸಿ ಕುಲುಮೆಗೆ ಇಡುವ ವಿಧಾನವನ್ನು ಪ್ರಕಟಿಸಿದರು. ದ್ರಾವಣ ಕುದಿದು, ನೊರೆಯಾಗಿ, ಭಗ್ಗನೆ ಹೊತ್ತಿ ಕೆಲವೇ ನಿಮಿಷಗಳಲ್ಲಿ ಹಗುರವಾದ ನುಣುಪು ಪುಡಿ ಉಳಿಯುತ್ತದೆ. ಈ 'ದ್ರಾವಣ ದಹನ' ವಿಧಾನ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಇದೇ ದಾರಿಯಲ್ಲಿ ಮುಂದೆ ಅದೇ ಸಂಸ್ಥೆಯ ಎಂ.ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ಗ್ಲೈಸಿನ್ ಎಂಬ ಇಂಧನ ಬಳಸಿ 8ರಿಂದ 10 ನ್ಯಾನೋಮೀಟರ್ ಗಾತ್ರದ ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ಮಾಡಿತು. ಬೆಂಗಳೂರಿನ ಬಿಸಿಲಿನಲ್ಲಿ ಬಣ್ಣದ ನೀರಿನ ಮೇಲೆ ಪರೀಕ್ಷಿಸಿದಾಗ ಈ ಪುಡಿ ಮಾರುಕಟ್ಟೆಯಲ್ಲಿ ಸಿಗುವ ಹೆಸರಾಂತ ಜರ್ಮನ್ ಪುಡಿಗಿಂತ ಚುರುಕಾಗಿ ಕೆಲಸ ಮಾಡಿತು ಎಂದು ಅವರು 2004ರಲ್ಲಿ ಪ್ರಕಟಿಸಿದರು. ಮದ್ರಾಸ್ ಅವರಿಗೆ 2009ರಲ್ಲಿ ಎಂಜಿನಿಯರಿಂಗ್ ವಿಜ್ಞಾನಕ್ಕೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನೆಲಮಂಗಲದ ಹತ್ತಿರ ಶಿವನಪುರದಲ್ಲಿರುವ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಇವೆಲ್ಲ ನ್ಯಾನೋ ವಸ್ತುಗಳ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಗಳು. ಶಿವನಪುರದ ಆವರಣದ ಹೆಸರೇ 'ಅರ್ಕಾವತಿ'.

ಅರ್ಕಾವತಿ ಎಂದರೆ ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೆ ಹರಿದು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುವ ನದಿ. 1890ರ ದಶಕದಿಂದ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟದ್ದು ಈ ನದಿಯ ಹೆಸರಘಟ್ಟ ಕೆರೆ. ನೀರು ಶುದ್ಧ ಮಾಡಬಲ್ಲ ವಸ್ತುಗಳ ಪ್ರಯೋಗಾಲಯವೂ ಕೊಳಚೆ ತುಂಬಿದ ಕೆರೆಗಳೂ ಒಂದೇ ನದಿಯ ಸೀಮೆಯಲ್ಲಿವೆ. ನಡುವಿನ ದೂರ ಕೆಲವೇ ಮೈಲಿ. ಹಾಗಾದರೆ ಪುಡಿ ಕೆರೆಗೆ ಏಕೆ ಬಂದಿಲ್ಲ?

ಬಣ್ಣ ಹೋದರೆ ವಿಷ ಹೋದಂತೆಯೇ?

ಮೊದಲ ಅಡ್ಡಿ ನಾವು "ಶುದ್ಧ" ಎಂದು ಕರೆಯುವುದರಲ್ಲೇ ಇದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಬಹುಪಾಲು ಬಳಕೆಯಾಗುವುದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಭಟ್ಟಿ ಇಳಿಸಿದ ನೀರಿಗೆ ಲೀಟರಿಗೆ ಹತ್ತು ಮಿಲಿಗ್ರಾಮಿನಷ್ಟು ಬಣ್ಣ ಹಾಕಿ, ಪುಡಿ ಸೇರಿಸಿ, ಬೆಳಕಿಗಿಟ್ಟು, ನೀಲಿ ಎಷ್ಟು ಬೇಗ ಮಾಯವಾಗುತ್ತದೆ ಎಂದು ಅಳೆಯುತ್ತಾರೆ. ಅಳೆಯುವುದು ಸುಲಭ, ಹೋಲಿಕೆಗೂ ಅನುಕೂಲ.

ಆದರೆ ಅಣುವಿನಲ್ಲಿ ಬಣ್ಣ ಕೊಡುವ ಭಾಗ ಚಿಕ್ಕದು. ಆ ಒಂದು ಕೊಂಡಿ ಕಳಚಿದರೂ ಬಣ್ಣ ಹೋಗುತ್ತದೆ. ಉಳಿದ ತುಂಡುಗಳು ನೀರಿನಲ್ಲೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಜವಳಿಯಲ್ಲಿ ಹೆಚ್ಚಾಗಿ ಬಳಕೆಯಾಗುವ ಅಜೋ ಬಣ್ಣಗಳು ಅರ್ಧಂಬರ್ಧ ಒಡೆದರೆ ಆರೊಮ್ಯಾಟಿಕ್ ಅಮೈನುಗಳೆಂಬ ವಸ್ತುಗಳು ಹುಟ್ಟಬಹುದು. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಮೂಲ ಬಣ್ಣಕ್ಕಿಂತ ತುಂಡೇ ಅಪಾಯಕಾರಿ ಆಗಬಹುದು.

ಹೀಗಾಗಿ ಕೇಳಬೇಕಾದ್ದು ಬಣ್ಣದ ಪ್ರಮಾಣ ಅಲ್ಲ, ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ ಎಷ್ಟು ಎಂಬುದು. ಅದೂ ಬಣ್ಣದಷ್ಟೇ ಇಳಿದಿದ್ದರೆ ಮಾತ್ರ ಕೊಳೆ ನಿಜಕ್ಕೂ ನಾಶವಾಗಿದೆ ಎನ್ನಬಹುದು. ಬಣ್ಣ 95 ಭಾಗ ಇಳಿದು ಇಂಗಾಲ 40 ಭಾಗ ಮಾತ್ರ ಇಳಿದಿದ್ದರೆ, ಕೊಳೆ ರೂಪ ಬದಲಿಸಿದೆ ಎಂದಷ್ಟೇ ಅರ್ಥ. ಇನ್ನೊಂದು ತೊಡಕೂ ಇದೆ. ಮೆಥಿಲೀನ್ ಬ್ಲೂ ಬೆಳಕಿಗೆ ತಾನೇ ಒಂದಿಷ್ಟು ಮಾಸುತ್ತದೆ, ಒಂದಿಷ್ಟು ಪುಡಿಗೆ ಅಂಟಿ ಕುಳಿತುಕೊಳ್ಳುತ್ತದೆ. ಪುಡಿಯಿಲ್ಲದೆ ಬೆಳಕಿಗಿಟ್ಟ ನೀರು, ಪುಡಿ ಹಾಕಿ ಕತ್ತಲಲ್ಲಿಟ್ಟ ನೀರು ಎರಡನ್ನೂ ಜೊತೆಗಿಟ್ಟು ಹೋಲಿಸದ ಪ್ರಯೋಗವನ್ನು ಪೂರ್ತಿ ನಂಬಲಾಗದು.

ಬೀಕರಿನ ನೀರು ಬೇರೆ, ಬಣ್ಣದ ತೊಟ್ಟಿಯ ನೀರು ಬೇರೆ

ದೊಡ್ಡಬಳ್ಳಾಪುರ ಮಗ್ಗಗಳ ಊರು. ಸೀರೆ ನೇಯುವ ಪವರ್‌ಲೂಮ್‌ಗಳ ಸದ್ದು ಕೇಳದ ಬೀದಿ ಅಲ್ಲಿ ಕಡಿಮೆ. ನೂಲಿದ್ದ ಕಡೆ ಬಣ್ಣ ಹಾಕುವ ಕೆಲಸವೂ ಇರುತ್ತದೆ. ಬಣ್ಣದ ತೊಟ್ಟಿಯಿಂದ ಹೊರಬರುವ ನೀರಿನಲ್ಲಿ ಬಣ್ಣವೊಂದೇ ಇರುವುದಿಲ್ಲ. ಸೋಪು, ಆಮ್ಲ ಅಥವಾ ಕ್ಷಾರ, ಗಂಜಿ, ಜಿಡ್ಡು ಇರುತ್ತವೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನೂ ಸುರಿಯುತ್ತಾರೆ.

ಇವೆಲ್ಲ ವೇಗವರ್ಧಕದ ಕೆಲಸಕ್ಕೆ ಅಡ್ಡ ಬರುತ್ತವೆ. ಕಡುಬಣ್ಣದ ನೀರು ಬೆಳಕನ್ನು ತಾನೇ ನುಂಗಿ ಪುಡಿಗೆ ಬಿಡುವುದಿಲ್ಲ. ಉಪ್ಪಿನ ಕ್ಲೋರೈಡ್, ಗಡಸು ನೀರಿನ ಬೈಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ಎದುರಾದೊಡನೆ ಕಬಳಿಸಿಬಿಡುತ್ತವೆ. ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರಿನ ಗಡಸುತನ ಎಷ್ಟೆಂದು ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು. ಭಟ್ಟಿ ಇಳಿಸಿದ ನೀರಿನಲ್ಲಿ ಒಂದು ಗಂಟೆಗೆ ಆಗುವ ಕೆಲಸ ಇಂಥ ನೀರಿನಲ್ಲಿ ಹಲವು ಗಂಟೆಯಾದರೂ ಮುಗಿಯದಿರಬಹುದು.

ಒಂದು ಸರಳ ಲೆಕ್ಕ

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಲೀಟರಿಗೆ ಒಂದು ಗ್ರಾಂ ಪುಡಿ ಹಾಕುತ್ತಾರೆ. ಒಂದು ಎಕರೆ ಅಗಲ, ಒಂದು ಮೀಟರ್ ಆಳದ ಪುಟ್ಟ ಕುಂಟೆಯಲ್ಲಿ ಸುಮಾರು 40 ಲಕ್ಷ ಲೀಟರ್ ನೀರಿರುತ್ತದೆ. ಅದೇ ಪ್ರಮಾಣದಲ್ಲಿ ಹಾಕಿದರೆ ಬೇಕಾಗುವ ಪುಡಿ 4 ಟನ್. ಹಾಕಿದರೂ ಅದು ತಳಕ್ಕಿಳಿದು ಕೆಸರಿನಲ್ಲಿ ಹೂತುಹೋಗುತ್ತದೆ. ತೇಲಿಸಿ ಇಟ್ಟರೂ ಹಾಲಿನಂಥ ಆ ನೀರಿನಲ್ಲಿ ನೇರಳಾತೀತ ಕಿರಣಗಳು ಕೆಲವೇ ಸೆಂಟಿಮೀಟರಿಗೆ ಮುಗಿದುಹೋಗುತ್ತವೆ. ಕೆಳಗಿನ ನೀರಿಗೆ ಕತ್ತಲೆಯೇ ಗತಿ. ಇಷ್ಟೆಲ್ಲ ಮಾಡುವಾಗಲೂ ಕಾಲುವೆಯಿಂದ ಹೊಸ ಕೊಳಚೆ ಬರುತ್ತಲೇ ಇರುತ್ತದೆ.

ಕೆರೆಯ ಬದಲು ಶುದ್ಧೀಕರಣ ಘಟಕದಲ್ಲಿ ಮಾಡಿದರೆ? ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯನ್ನು ನೋಡೋಣ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ವಿನ್ಯಾಸದ ಪ್ರಮಾಣ ದಿನಕ್ಕೆ 21 ಕೋಟಿ ಲೀಟರ್. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಎನ್ನುವುದು ಈ ಭಾಗದ ರೈತರ ಹಳೆಯ ಬೇಡಿಕೆ.

ಈ ನೀರನ್ನು ಬಿಸಿಲು ಮತ್ತು ವೇಗವರ್ಧಕದಿಂದ ಶುದ್ಧೀಕರಿಸುವುದಾದರೆ 5 ಸೆಂಟಿಮೀಟರ್ ಆಳದ ತಟ್ಟೆಯಂಥ ತೊಟ್ಟಿಗಳು ಬೇಕು ಎಂದುಕೊಳ್ಳೋಣ. ಒಂದು ಸಲಕ್ಕೆ ಎರಡು ಗಂಟೆ ಸಾಕು, ದಿನಕ್ಕೆ ಆರು ಗಂಟೆ ಒಳ್ಳೆಯ ಬಿಸಿಲಿದೆ ಎಂದು ಧಾರಾಳವಾಗಿಯೇ ಲೆಕ್ಕ ಹಾಕಿದರೂ, ದಿನಕ್ಕೆ 10 ಲಕ್ಷ ಲೀಟರಿಗೆ ಒಂದೂವರೆ ಎಕರೆಗಿಂತ ಹೆಚ್ಚು ಜಾಗ ಬೇಕು. 21 ಕೋಟಿ ಲೀಟರಿಗೆ ಸುಮಾರು 350 ಎಕರೆ. ದೇವನಹಳ್ಳಿಯಲ್ಲಿ ಭೂಮಿಗೆ ಎಂಥ ಬೆಲೆ, ಭೂಸ್ವಾಧೀನ ಎಂದರೆ ಎಂಥ ಸಂಕಟ ಎಂದು ಬೇರೆ ಹೇಳಬೇಕಿಲ್ಲ. ಮಳೆಗಾಲದ ಮೋಡ, ರಾತ್ರಿ ಬರುವ ಕೊಳಚೆ ಈ ಲೆಕ್ಕದಲ್ಲಿ ಸೇರಿಲ್ಲ.

ಬಿಸಿಲಿನ ಬದಲು ನೇರಳಾತೀತ ದೀಪ ಹಚ್ಚಬಹುದು. ಆಗ ಜಾಗ ಉಳಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ. ಬಿಸಿಲು ಪುಕ್ಕಟೆ ನಿಜ. ಆದರೆ ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ನೇರಳಾತೀತದ ಪಾಲು ನೂರಕ್ಕೆ ನಾಲ್ಕೈದು ಭಾಗ ಮಾತ್ರ. ಉಳಿದ ಬೆಳಕನ್ನೂ ದುಡಿಸಿಕೊಳ್ಳುವಂತೆ ಅಟ್ಟದ ಎತ್ತರ ತಗ್ಗಿಸುವುದೇ ಇಂದಿನ ಸಂಶೋಧನೆಯ ಮುಖ್ಯ ಗುರಿ. ಟೈಟಾನಿಯಂ ಡೈಆಕ್ಸೈಡಿಗೆ ಸಾರಜನಕ ಅಥವಾ ಲೋಹ ಬೆರೆಸುವುದು, ಬಿಸ್ಮತ್ ವನಡೇಟ್, ಇಂಗಾಲ–ಸಾರಜನಕದ ಹಾಳೆಗಳನ್ನು ಬಳಸುವುದು ಹೀಗೆ ಹಲವು ದಾರಿಗಳಿವೆ. ಅಟ್ಟ ತಗ್ಗಿಸಿದರೆ ಹತ್ತುವುದು ಸುಲಭ. ಆದರೆ ತಗ್ಗಾದ ಅಟ್ಟದ ಎಲೆಕ್ಟ್ರಾನುಗಳಿಗೆ ಕೊಳೆ ಒಡೆಯುವ ಬಲವೂ ಸಾಮಾನ್ಯವಾಗಿ ತಗ್ಗುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟದ ಕೆಲಸ.

ಇದು ಮುಟ್ಟಲಾರದ ಕೊಳೆಗಳು

ದ್ಯುತಿ ವೇಗವರ್ಧನೆ ಅಣುಗಳನ್ನು ಒಡೆಯುತ್ತದೆ. ಒಡೆಯಲಾಗದ್ದನ್ನು ಏನೂ ಮಾಡಲಾರದು. ಸೀಸ, ನಿಕ್ಕಲ್, ಕ್ಯಾಡ್ಮಿಯಂ ಮೂಲಧಾತುಗಳು, ಅವಕ್ಕೆ ನಾಶವಿಲ್ಲ. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವನ್ನು ಕಡಿಮೆ ವಿಷದ ರೂಪಕ್ಕೆ ತಿರುಗಿಸಬಹುದು. ಆದರೆ ಕ್ರೋಮಿಯಂ ನೀರಿನಲ್ಲಿ ಅಥವಾ ಕೆಸರಿನಲ್ಲಿ ಇದ್ದೇ ಇರುತ್ತದೆ. ಕರಗಿದ ಉಪ್ಪು ಹಾಗೆಯೇ ಉಳಿಯುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಹಳೆಯ ಪಿಡುಗಾದ ಫ್ಲೋರೈಡೂ ಅಷ್ಟೇ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನದಂಡ ಹೇಳುತ್ತದೆ. ಅದನ್ನು ತೆಗೆಯಲು ಹೀರುವ ವಸ್ತುವೋ ಆರ್‌ಒ ಪೊರೆಯೋ ಬೇಕು.

"ನ್ಯಾನೋ" ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡದ ಆರ್ಸೆನಿಕ್ ಸೋಸುಕ ಕಬ್ಬಿಣದ ನ್ಯಾನೋ ವಸ್ತುವಿನಿಂದ ವಿಷವನ್ನು ಹೀರಿ ಹಿಡಿಯುತ್ತದೆ, ಒಡೆಯುವುದಿಲ್ಲ. ಅದಕ್ಕೆ ಬೆಳಕು ಬೇಡ. ಹಿಡಿದ ವಿಷದ ವಿಲೇವಾರಿ ಮಾತ್ರ ಕೊನೆಗೆ ಮಾಡಲೇಬೇಕು.

ಉಪ್ಪಿನ ಸಮಸ್ಯೆ ಎಷ್ಟು ದೊಡ್ಡದೆಂದು ನೆರೆಯ ತಮಿಳುನಾಡಿನ ತಿರುಪ್ಪೂರು ತೋರಿಸಿದೆ. ಬಣ್ಣದ ಘಟಕಗಳಿಂದ ನೊಯ್ಯಲ್ ನದಿ ಕೆಟ್ಟಾಗ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಿತು. ಹನಿ ನೀರನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಂಡವರಿಗೆ ಮಾತ್ರ ಮರಳಿ ತೆರೆಯಲು ದಾರಿಯಾಯಿತು. ಅಲ್ಲಿ ನೆರವಿಗೆ ಬಂದದ್ದು ನ್ಯಾನೋ ಪುಡಿಯಲ್ಲ. ಆರ್‌ಒ ಪೊರೆಗಳು ಮತ್ತು ನೀರು ಆವಿ ಮಾಡುವ ದೊಡ್ಡ ಯಂತ್ರಗಳು. ದುಬಾರಿ ವ್ಯವಸ್ಥೆ, ಕೊನೆಗೆ ಉಳಿಯುವ ಉಪ್ಪಿನ ರಾಶಿ ಬೇರೆ.

ಪುಡಿಯೇ ಕೊಳೆಯಾದರೆ?

ಕೆಲಸ ಮುಗಿದ ಮೇಲೆ ಪುಡಿ ಎಲ್ಲಿ ಹೋಗುತ್ತದೆ? ಹತ್ತು ನ್ಯಾನೋಮೀಟರಿನ ಕಣ ಸಾಮಾನ್ಯ ಸೋಸುಕದಲ್ಲಿ ನಿಲ್ಲುವುದಿಲ್ಲ. ಸತುವಿನ ಆಕ್ಸೈಡ್ ಕಣಗಳು ನೀರಿನಲ್ಲಿ ಒಂದಿಷ್ಟು ಕರಗಿ ಸತುವನ್ನು ಬಿಡುತ್ತವೆ. ಅದು ಹೆಚ್ಚಾದರೆ ಪಾಚಿ, ಮೀನುಮರಿ, ನೀರುಚಿಗಟಗಳಂಥ ಪುಟ್ಟ ಜೀವಿಗಳಿಗೆ ವಿಷ. ನ್ಯಾನೋ ಬೆಳ್ಳಿಯೂ ಹಾಗೆಯೇ. ಟೈಟಾನಿಯಂ ಡೈಆಕ್ಸೈಡ್ ಇವುಗಳಿಗಿಂತ ಸಾಧು. ಆದರೂ ಆಹಾರಕ್ಕೆ ಬಿಳುಪು ಕೊಡಲು ಅದನ್ನು ಬೆರೆಸುವುದನ್ನು ಯೂರೋಪಿನ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಹಾನಿ ಸಾಬೀತಾಯಿತು ಎಂಬುದಕ್ಕಲ್ಲ, ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದಕ್ಕೆ.

ಪರಿಹಾರವಾಗಿ ಪುಡಿಯನ್ನು ಗಾಜು, ಮಣಿ ಅಥವಾ ಪೊರೆಗೆ ಅಂಟಿಸಿ ಕೂರಿಸುತ್ತಾರೆ. ಅಯಸ್ಕಾಂತಕ್ಕೆ ಅಂಟುವ ಕಣಗಳ ಜೊತೆ ಸೇರಿಸಿ ಹಿಡಿದು ತೆಗೆಯುವ ಪ್ರಯತ್ನಗಳೂ ಇವೆ. ಅಂಟಿಸಿದರೆ ಪುಡಿ ಕಳೆದುಹೋಗುವುದಿಲ್ಲ, ಆದರೆ ನೀರಿಗೆ ತಾಗುವ ಮೇಲ್ಮೈ ಕಡಿಮೆಯಾಗಿ ವೇಗ ತಗ್ಗುತ್ತದೆ. ಬೇವು, ತುಳಸಿ ಎಲೆಯ ರಸದಿಂದ ಮಾಡಿದ "ಹಸಿರು" ನ್ಯಾನೋ ಕಣಗಳ ಬಗ್ಗೆ ನಮ್ಮ ಕಾಲೇಜುಗಳಿಂದ ಅನೇಕ ಪ್ರಬಂಧಗಳು ಬರುತ್ತವೆ. ತಯಾರಿಕೆಯಲ್ಲಿ ಕಟು ರಾಸಾಯನಿಕ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಬೇವಿನ ರಸದಿಂದ ಹುಟ್ಟಿದ ಸತುವಿನ ಆಕ್ಸೈಡ್ ಕೂಡ ಸತುವಿನ ಆಕ್ಸೈಡೇ. ನೀರಿಗೆ ಬಿದ್ದ ಮೇಲೆ ಅದರ ಗುಣ ಬದಲಾಗುವುದಿಲ್ಲ.

ಹಾಗಾದರೆ ಇದರ ಸರಿಯಾದ ಜಾಗ ಯಾವುದು?

ಇಷ್ಟೆಲ್ಲ ಹೇಳಿದ್ದರಿಂದ ಈ ವಿಜ್ಞಾನ ನಿರುಪಯೋಗಿ ಎಂದುಕೊಳ್ಳಬೇಡಿ. ಸರಿಯಾದ ಜಾಗದಲ್ಲಿಟ್ಟರೆ ಬೇರೆ ವಿಧಾನಗಳು ಸೋಲುವ ಕಡೆ ಇದು ಗೆಲ್ಲಬಲ್ಲದು. ಆ ಜಾಗಕ್ಕೆ ಮೂರು ಲಕ್ಷಣಗಳಿರಬೇಕು. ನೀರಿನ ಪ್ರಮಾಣ ಕಡಿಮೆ ಇರಬೇಕು. ನೀರು ಆಗಲೇ ಸಾಕಷ್ಟು ತಿಳಿಯಾಗಿರಬೇಕು. ಉಳಿದ ಕೊಳೆ ಬ್ಯಾಕ್ಟೀರಿಯಾಗಳಿಗೆ ಜೀರ್ಣವಾಗದ ಸಾವಯವ ವಸ್ತುವಾಗಿರಬೇಕು.

ಸ್ಪೇನಿನ ಆಲ್ಮೆರಿಯಾದ ಸೌರ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ಇದೇ ಜಾಡಿನಲ್ಲಿ ಕೆಲಸ ನಡೆದಿದೆ. ಕನ್ನಡಿಯಂಥ ಬಾಗಿದ ತಗಡುಗಳ ಮೇಲೆ ಗಾಜಿನ ಕೊಳವೆಗಳಿಟ್ಟು, ಅದರೊಳಗೆ ಕೀಟನಾಶಕ ಬೆರೆತ ನೀರು ಹರಿಸಿ ಬಿಸಿಲಿನಿಂದ ಒಡೆಯುತ್ತಾರೆ. ಪ್ಲಾಸ್ಟಿಕ್ ಮನೆಗಳಲ್ಲಿ ತರಕಾರಿ ಬೆಳೆಯುವ ಆ ಸೀಮೆಯಲ್ಲಿ ಕೀಟನಾಶಕದ ಡಬ್ಬಿ ತೊಳೆದ ನೀರೇ ದೊಡ್ಡ ತಲೆನೋವು. ಪ್ರಮಾಣ ಕಡಿಮೆ, ವಿಷ ತೀಕ್ಷ್ಣ, ಬಿಸಿಲು ಧಾರಾಳ. ಹೊಸಕೋಟೆ, ದೇವನಹಳ್ಳಿಯ ದ್ರಾಕ್ಷಿ, ಗುಲಾಬಿ, ಪಾಲಿಹೌಸ್ ತರಕಾರಿ ತೋಟಗಳನ್ನು ನೋಡಿದವರಿಗೆ ಹೋಲಿಕೆ ತಾನೇ ಹೊಳೆಯುತ್ತದೆ. ಸಿಂಪಡಣೆ ಟ್ಯಾಂಕು ತೊಳೆದ ನೀರು, ಔಷಧ ತಯಾರಿಕೆಯ ಒಂದು ನಿರ್ದಿಷ್ಟ ಕೊಳವೆಯ ನೀರು, ಶುದ್ಧೀಕರಿಸಿದ ಬಣ್ಣದ ನೀರಿನಲ್ಲಿ ಉಳಿದ ಕೊನೆಯ ಛಾಯೆ ಇವು ಈ ವಿಧಾನವನ್ನು ಪರೀಕ್ಷಿಸಲು ತಕ್ಕ ಜಾಗಗಳು.

ಅಲ್ಲಿಯೂ ಸ್ಪರ್ಧಿಗಳಿದ್ದಾರೆ. ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೂ ಅದೇ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. 1894ರಲ್ಲಿ ಫೆಂಟನ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ವರದಿ ಮಾಡಿದ ಕ್ರಿಯೆಯಿದು. ಬೆಳಕೇ ಬೇಕೆಂದಿಲ್ಲ, ಕಾರ್ಖಾನೆಗಳಿಗೆ ಪರಿಚಿತ. ಪೆರಾಕ್ಸೈಡಿನ ಖರ್ಚು, ಕಬ್ಬಿಣದ ಕೆಸರು ಇದರ ತೊಡಕುಗಳು. ಓಝೋನ್ ಕೂಡ ಬಳಕೆಯಲ್ಲಿದೆ.

ದೊಡ್ಡ ಪ್ರಮಾಣದ ಮನೆಬಳಕೆಯ ಕೊಳಚೆಗಾದರೆ ದಾರಿ ಬೇರೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ ಹೋಗುವಂತೆ ಮಾಡಿದ್ದಾರೆ. ಅಲ್ಲಿಯೂ ದುಡಿಯುವುದು ಬಿಸಿಲೇ, ಆದರೆ ಗಿಡ, ಪಾಚಿ, ಬ್ಯಾಕ್ಟೀರಿಯಾಗಳ ಮೂಲಕ. ಘಟಕ ಕೆಟ್ಟರೆ ಅಥವಾ ಕಾರ್ಖಾನೆಯ ತ್ಯಾಜ್ಯ ಬೆರೆತರೆ ಜೌಗು ಕೈಲಾಗದೆ ನಿಲ್ಲುತ್ತದೆ. ಅದಕ್ಕೇ ಮನೆಯ ಕೊಳಚೆ ಮತ್ತು ಕಾರ್ಖಾನೆಯ ತ್ಯಾಜ್ಯವನ್ನು ಬೇರೆ ಬೇರೆ ಕೊಳವೆಗಳಲ್ಲಿ ಇಡುವುದು ಎಲ್ಲ ತಂತ್ರಜ್ಞಾನಗಳಿಗಿಂತ ಮೊದಲ ಕೆಲಸ. ಒಮ್ಮೆ ಬೆರೆತ ಮೇಲೆ ಬೇರ್ಪಡಿಸುವುದು ಹಲವು ಪಟ್ಟು ಕಷ್ಟ.

ಕೆಲವು ನಂಬಿಕೆಗಳು

*ನೀರು ತಿಳಿಯಾಗಿದ್ದರೆ ಶುದ್ಧ.* ಅಲ್ಲ. ಫ್ಲೋರೈಡ್, ನೈಟ್ರೇಟ್, ಒಡೆದ ಬಣ್ಣದ ತುಂಡುಗಳು ಯಾವುವೂ ಕಣ್ಣಿಗೆ ಕಾಣುವುದಿಲ್ಲ.

*ಬಾಟಲಿಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟರೆ ಸಾಕು.* ಅರ್ಧ ನಿಜ. ತಿಳಿ ನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ಕನಿಷ್ಠ ಆರು ಗಂಟೆ ಚುರುಕು ಬಿಸಿಲಿಗಿಟ್ಟರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ರಾಸಾಯನಿಕ ಕೊಳೆ ಹಾಗೆಯೇ ಇರುತ್ತದೆ.

*ಕೆರೆಗೆ ನ್ಯಾನೋ ಪುಡಿ ಎರಚಿದರೆ ನೊರೆ, ನಾತ ಹೋಗುತ್ತದೆ.* ಮೇಲಿನ ಲೆಕ್ಕವೇ ಉತ್ತರ. ಕೊಳಚೆಯ ಒಳಹರಿವು ನಿಲ್ಲದೆ ಯಾವ ಪುಡಿಯೂ ಕೆರೆಯನ್ನು ಉಳಿಸದು.

*ಸಂಶೋಧನೆಯಲ್ಲಿ 99 ಭಾಗ ಎಂದು ಬಂದಿದೆ, ಹಾಗಾಗಿ ಬಳಸಬಹುದು.* ಯಾವ ನೀರು, ಯಾವ ಕೊಳೆ, ಎಷ್ಟು ಬೆಳಕು ಎಂಬುದಿಲ್ಲದೆ 99ಕ್ಕೆ ಅರ್ಥವಿಲ್ಲ.

ಯಾರಾದರೂ ಪುಡಿ ಹಿಡಿದು ಬಂದರೆ

ನಾಳೆ ನಿಮ್ಮ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಯಾರಾದರೂ "ನ್ಯಾನೋ ತಂತ್ರಜ್ಞಾನದಿಂದ ಕೆರೆ ಶುದ್ಧೀಕರಣ" ಎಂಬ ಯೋಜನೆ ತಂದರೆ ಈ ಆರು ಪ್ರಶ್ನೆ ಕೇಳಿ. ಉತ್ತರ ತಿಳಿಯಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ.

1. ಪರೀಕ್ಷೆ ಮಾಡಿದ್ದು ನಮ್ಮ ಕೆರೆಯ ನೀರಿನ ಮೇಲೋ, ಪ್ರಯೋಗಾಲಯದಲ್ಲಿ ಬಣ್ಣ ಬೆರೆಸಿದ ನೀರಿನ ಮೇಲೋ?
2. ಬಣ್ಣ ಇಳಿದದ್ದನ್ನು ಮಾತ್ರ ಅಳೆದಿರೋ, ಒಟ್ಟು ಸಾವಯವ ಇಂಗಾಲ ಮತ್ತು ಸಿಒಡಿಯನ್ನೂ ಅಳೆದಿರೋ?
3. ಉಪ್ಪು, ಲೋಹ, ಫ್ಲೋರೈಡ್ ಏನಾಗುತ್ತವೆ?
4. ದಿನಕ್ಕೆ ಎಷ್ಟು ಲೀಟರ್, ಎಷ್ಟು ಜಾಗ, ಎಷ್ಟು ವಿದ್ಯುತ್?
5. ಬಳಸಿದ ಪುಡಿಯನ್ನು ಹೇಗೆ ಹಿಡಿಯುತ್ತೀರಿ, ಎಲ್ಲಿ ಹಾಕುತ್ತೀರಿ?
6. ಕೆರೆಗೆ ಬರುವ ಕೊಳಚೆಯನ್ನು ನಿಲ್ಲಿಸಿದ ಮೇಲೆ ಮಾಡುವ ಕೆಲಸವೋ, ನಿಲ್ಲಿಸುವ ಬದಲು ಮಾಡುವ ಕೆಲಸವೋ?

ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಕಾರ್ಖಾನೆಯಿಂದ ಹೊಳೆ, ಕೆರೆಗೆ ಬಿಡುವ ನೀರಿನ ಸಿಒಡಿ ಲೀಟರಿಗೆ 250 ಮಿಲಿಗ್ರಾಂ, ಬಿಒಡಿ 30 ಮಿಲಿಗ್ರಾಂ ಮೀರಬಾರದು ಎಂಬ ಸಾಮಾನ್ಯ ಮಿತಿ ನಮ್ಮ ಪರಿಸರ ನಿಯಮಗಳಲ್ಲಿದೆ. ಇದನ್ನು ತಲುಪಲು ಬೇಕಾದ ತಂತ್ರಜ್ಞಾನವೂ ಹಳೆಯದೇ. ಹೊಸ ವಿಜ್ಞಾನ ಬರುವವರೆಗೆ ಕಾಯಬೇಕು ಎನ್ನುವುದು ಕೊಳಚೆ ಬಿಡುವವರಿಗೆ ಅನುಕೂಲದ ಮಾತು, ಕೆರೆಯ ಕೆಳಗಿನ ಊರಿಗಲ್ಲ. ದ್ಯುತಿ ವೇಗವರ್ಧನೆಗೆ ಶುದ್ಧೀಕರಣದ ಸರಪಳಿಯಲ್ಲಿ ಕೊನೆಯ ಕೊಂಡಿಯಾಗುವ ಯೋಗ್ಯತೆ ಇದೆ. ಮೊದಲ ಕೊಂಡಿಗಳೇ ಕಳಚಿರುವ ಕಡೆ ಅದರಿಂದ ಏನೂ ಆಗದು.